ಗಗನಯಾತ್ರಿಗೆ ಹೊಸ ಬೆನ್ನೆಲುಬು

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಮೇಲೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ನೇರಳಾತೀತ ಬೆಳಕನ್ನು ಹಿಡಿಯುವ ಜೋಡಿ ದೂರದರ್ಶಕಗಳಿದ್ದವು. ಉಪಗ್ರಹ ಕಕ್ಷೆ ಸೇರಿ ವಾರಗಳು ಉರುಳಿದರೂ ಅವುಗಳ ಬಾಗಿಲು ಮಾತ್ರ ತೆರೆಯಲಿಲ್ಲ. ತೆರೆದದ್ದು ನವೆಂಬರ್ 30ಕ್ಕೆ, ಎರಡು ತಿಂಗಳು ಕಳೆದ ಮೇಲೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಉಪಗ್ರಹಕ್ಕೆ ಬಳಸಿದ ಅಂಟು, ಬಣ್ಣ, ತಂತಿಯ ಹೊದಿಕೆ, ಪ್ಲಾಸ್ಟಿಕ್ ಇವೆಲ್ಲ ನಿರ್ವಾತದಲ್ಲಿ ನಿಧಾನವಾಗಿ ಆವಿ ಬಿಡುತ್ತವೆ. ಆ ಆವಿ ಚದುರಿಹೋಗಲಿ ಎಂದು ವಿಜ್ಞಾನಿಗಳು ಕಾದರು. ಅದು ಕನ್ನಡಿಯ ಮೇಲೆ ಕೂತು ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿದರೂ ಸಾಕು, 130 ನ್ಯಾನೊಮೀಟರ್ ಆಸುಪಾಸಿನ ಬೆಳಕು ಅಲ್ಲೇ ಹೀರಿಹೋಗುತ್ತದೆ, ದೂರದರ್ಶಕ ಕುರುಡಾಗುತ್ತದೆ.

ಈ ದೂರದರ್ಶಕಗಳನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯಲ್ಲಿ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಅಲ್ಲೊಂದು ಆವರಣವಿದೆ, ಕ್ರೆಸ್ಟ್ ಎಂದು ಕರೆಯುತ್ತಾರೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದೂ ಇಲ್ಲಿ ಕೂತೇ. ಅದೇ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದ ಕ್ಲೀನ್ ರೂಮಿನಲ್ಲಿ ಆಸ್ಟ್ರೋಸ್ಯಾಟ್‌ನ ಕಣ್ಣುಗಳು ಸಿದ್ಧವಾದವು. ಆಮೇಲೆ ಆದಿತ್ಯ ಎಲ್-1 ನೌಕೆಯ ಮುಖ್ಯ ಉಪಕರಣ, ಸೂರ್ಯನ ಕರೋನಾ ನೋಡುವ ವಿಇಎಲ್‌ಸಿ ಕೂಡ ಇದೇ ಆವರಣದಲ್ಲಿ ರೂಪುಗೊಂಡು 2023ರಲ್ಲಿ ಆಕಾಶಕ್ಕೆ ಹೋಯಿತು. ಅಂಥ ಕೋಣೆಯೊಳಗೆ ಒಂದು ವಸ್ತು ಕಾಲಿಡಬೇಕಾದರೆ ಅದು ಎಷ್ಟು ಗಟ್ಟಿ, ಎಷ್ಟು ಹಗುರ ಎಂದಷ್ಟೇ ಕೇಳುವುದಿಲ್ಲ. ಅದರಿಂದ ಏನು ಹೊರಬರುತ್ತದೆ ಎಂದೂ ಕೇಳುತ್ತಾರೆ.

ಇದೇ ಪ್ರಶ್ನೆಯನ್ನು ಕೇಳಲೇಬೇಕಾದ ಇನ್ನೊಂದು ಕಸುಬಿದೆ. ಅದು ಬಹಳ ಚಿಕ್ಕದು, ಮನೆಯ ಮೇಜಿನ ಮೇಲೆ ನಡೆಯುವಂಥದ್ದು: ಐವತ್ತು ಅರವತ್ತು ವರ್ಷ ಹಳೆಯ ಬಾಹ್ಯಾಕಾಶ ಆಟಿಕೆಗಳಿಗೆ ಕಳೆದುಹೋದ, ಮುರಿದುಹೋದ ಭಾಗಗಳನ್ನು ಕೈಯಾರೆ ಮಾಡುವುದು.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಜಗತ್ತಿನ ಆಟಿಕೆ ಅಂಗಡಿಗಳ ತುಂಬ ರಾಕೆಟ್ಟು, ರೋಬೋ, ಚಂದ್ರನ ಬಂಡಿ ಬಂದವು. ಜಪಾನಿನವು ತಗಡಿನವು. ಯುದ್ಧ ಮುಗಿದ ಹೊಸದರಲ್ಲಿ ಅಲ್ಲಿನ ಕುಶಲಕರ್ಮಿಗಳು ಅಮೆರಿಕನ್ ಸೈನಿಕರು ಬಿಸಾಡಿದ ಡಬ್ಬಿಗಳ ತಗಡನ್ನೇ ಬಿಡಿಸಿ ಆಟಿಕೆ ಮಾಡಲು ಶುರುಮಾಡಿದ್ದರು. ಆ ಕೈಚಳಕವೇ ಮುಂದೆ ಎದೆ ತೆರೆದು ಬೆಳಕು ಚಿಮ್ಮಿಸುತ್ತ ನಡೆಯುವ ರೋಬೋಗಳಾಗಿ ಬೆಳೆಯಿತು. ಅಮೆರಿಕದಲ್ಲಿ 1960ರ ದಶಕದ ಉತ್ತರಾರ್ಧದಲ್ಲಿ ಮ್ಯಾಟೆಲ್ ಕಂಪನಿ ಮೇಜರ್ ಮ್ಯಾಟ್ ಮೇಸನ್ ಎಂಬ ಗಗನಯಾತ್ರಿ ಗೊಂಬೆ ತಂದಿತು. ಎತ್ತರ ಆರು ಇಂಚು, ಮೈ ಮೆತ್ತನೆಯ ವಿನೈಲ್, ಒಳಗೆ ಬೇಕಾದಂತೆ ಬಗ್ಗುವ ತಂತಿ. ನಮ್ಮ ಕಡೆ ಮಕ್ಕಳಿಗೆ ಸಿಗುತ್ತಿದ್ದದ್ದು ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಯ ತಗಡಿನ ಆಟಿಕೆಗಳು. ಇಂಥ ರೋಬೋ, ಗಗನಯಾತ್ರಿಗಳು ಮನೆಗೆ ಬಂದಿದ್ದರೆ ಅದು ಹೆಚ್ಚಾಗಿ ಪರದೇಶದಲ್ಲಿದ್ದ ನೆಂಟರ ಪೆಟ್ಟಿಗೆಯಿಂದ. ಬೀರುವಿನ ಮೇಲಿಂದ ಈಗ ಕೆಳಗಿಳಿಸಿದರೆ ಬ್ಯಾಟರಿ ಮುಚ್ಚಳ ಇಲ್ಲ, ಆ್ಯಂಟೆನಾ ಇಲ್ಲ, ಹೆಲ್ಮೆಟ್ಟಿನ ಗಾಜು ಹಳದಿ, ಮೋಟಾರು ತಿರುಗಿದರೂ ಕಾಲು ಎತ್ತುವುದಿಲ್ಲ. ತಯಾರಕರ ಬಳಿ ಬಿಡಿಭಾಗ ಕೇಳುವ ಕಾಲ ಎಂದೋ ಮುಗಿದಿದೆ. ನಾವೇ ಮಾಡಿಕೊಳ್ಳಬೇಕು.

ಆಕಾರವನ್ನು ನಕಲು ಮಾಡುವುದು ಇದರಲ್ಲಿ ಸುಲಭದ ಪಾಲು. ಮೂಲಭಾಗ ಯಾಕೆ ಸತ್ತಿತು ಎಂದು ತಿಳಿಯದೆ ಮಾಡಿದ ನಕಲು ಅದೇ ಕಾಯಿಲೆಯಿಂದ ಸಾಯುತ್ತದೆ; ಅದಕ್ಕಿಂತ ಕೆಟ್ಟದ್ದೆಂದರೆ ಇನ್ನೂ ಚೆನ್ನಾಗಿರುವ ಪಕ್ಕದ ಭಾಗಕ್ಕೂ ಕಾಯಿಲೆ ಅಂಟಿಸುತ್ತದೆ. ಹೊಸ ಭಾಗ ಹಳೆಯದಕ್ಕೆ ಕೇಡು ಮಾಡಬಾರದು, ಒಂದುವೇಳೆ ಯಾವುದಾದರೂ ಮುರಿಯಲೇಬೇಕಾಗಿ ಬಂದರೆ ಹೊಸದೇ ಮೊದಲು ಮುರಿಯಬೇಕು. ಈ ಅಧ್ಯಾಯದಲ್ಲಿ ಹೇಳುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಮೊದಲು ಅಂಟಂಟಾದ ಗೊಂಬೆ. ಹಳೆಯ ವಿನೈಲ್ ಗಗನಯಾತ್ರಿಯನ್ನು ಕೈಯಲ್ಲಿ ಹಿಡಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಅದು ಕೊಳೆಯಲ್ಲ, ಗೊಂಬೆಯ ಒಳಗಿನಿಂದಲೇ ಬಂದದ್ದು. ಪಿವಿಸಿ ತಾನಾಗಿ ಗಡುಸು ವಸ್ತು. ತೋಟಕ್ಕೆ ಹಾಕುವ ನೀರಿನ ಪೈಪು ನೋಡಿದವರಿಗೆ ಗೊತ್ತು. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ದ್ರವ ಬೆರೆಸುತ್ತಾರೆ, ಹೆಸರು ಪ್ಲಾಸ್ಟಿಸೈಸರ್. ಮೆತ್ತನೆಯ ಪಿವಿಸಿಯ ತೂಕದಲ್ಲಿ ಮೂರನೇ ಒಂದು ಪಾಲು ಈ ದ್ರವವೇ ಇರಬಹುದು. ಪಿವಿಸಿಯ ಉದ್ದನೆಯ ಸರಪಳಿಗಳ ನಡುವೆ ಈ ಅಣುಗಳು ನುಸುಳಿ, ಸರಪಳಿಗಳು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಆದರೆ ಯಾವ ರಾಸಾಯನಿಕ ಬಂಧದಿಂದಲೂ ಅವು ಅಲ್ಲಿ ಕಟ್ಟುಬಿದ್ದಿಲ್ಲ. ವರ್ಷ ಕಳೆದಂತೆ ಮೇಲ್ಮೈಗೆ ಜಿನುಗುತ್ತವೆ. ಬಿಸಿ ಹೆಚ್ಚಿದಷ್ಟೂ ಜಿನುಗುವ ವೇಗ ಹೆಚ್ಚು. ಜಿನುಗಿ ಹೋದಷ್ಟೂ ಗೊಂಬೆ ಕುಗ್ಗುತ್ತದೆ, ಬಿರುಸಾಗುತ್ತದೆ, ಕೊನೆಗೆ ಬಿರಿಯುತ್ತದೆ.

ಜಿನುಗಿದ್ದು ಎಲ್ಲಿಗೆ ಹೋಗುತ್ತದೆ? ಶಾಲೆಯ ಜಾಮಿಟ್ರಿ ಬಾಕ್ಸ್ ನೆನಪಿಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಮುಚ್ಚಿಟ್ಟ ಬಾಕ್ಸನ್ನು ಜೂನಿನಲ್ಲಿ ತೆಗೆದರೆ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡಿರುತ್ತದೆ, ಕಿತ್ತರೆ ಸ್ಕೇಲಿನ ಮೇಲೆ ಗುಳಿ. ಆ ರಬ್ಬರು ಎಷ್ಟೋ ಸಲ ಪಿವಿಸಿ, ಸ್ಕೇಲು ಪಾಲಿಸ್ಟೈರೀನ್. ಪಾಲಿಸ್ಟೈರೀನಿಗೆ ಪ್ಲಾಸ್ಟಿಸೈಸರ್ ಎಂದರೆ ಬಲು ಪ್ರೀತಿ. ಅದನ್ನು ಹೀರಿಕೊಂಡು ತಾನೇ ಮೆತ್ತಗಾಗಿ ಕರಗುತ್ತದೆ. ಹಳೆಯ ಆಟಿಕೆಗಳಲ್ಲಿ ಚಂದ್ರನ ಬಂಡಿಯ ಗಟ್ಟಿ ಮೈ ಹೆಚ್ಚಾಗಿ ಪಾಲಿಸ್ಟೈರೀನ್, ಚಕ್ರದ ಟೈರು ಮತ್ತು ಆಸನದಲ್ಲಿ ಕೂತ ಗಗನಯಾತ್ರಿ ಮೆತ್ತನೆಯ ವಿನೈಲ್. ಎರಡನ್ನೂ ಹಾಗೆಯೇ ಜೋಡಿಸಿಟ್ಟ ಬಂಡಿಯ ಆಸನದಲ್ಲಿ ಕೆಲವು ದಶಕಗಳ ಬಳಿಕ ಗಗನಯಾತ್ರಿಯ ಬೆನ್ನಿನ ಅಚ್ಚು ಮೂಡಿರುತ್ತದೆ. ಸವೆದ ಟೈರಿನ ಬದಲು ಯಾವುದೋ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಕತ್ತರಿಸಿ ತೊಡಿಸಿದರೆ ನಾವೇ ಈ ಅನಾಹುತವನ್ನು ಮತ್ತೆ ಆರಂಭಿಸಿದಂತೆ.

ಬಾಹ್ಯಾಕಾಶ ಎಂಜಿನಿಯರುಗಳು ಇದಕ್ಕೊಂದು ಅಳತೆಗೋಲು ಇಟ್ಟುಕೊಂಡಿದ್ದಾರೆ. ಎಎಸ್‌ಟಿಎಂ ಇ-595 ಎಂಬ ಪರೀಕ್ಷೆಯಲ್ಲಿ ವಸ್ತುವನ್ನು ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡುತ್ತಾರೆ. ಅದು ಕಳೆದುಕೊಳ್ಳುವ ತೂಕ ಸಾಮಾನ್ಯವಾಗಿ ಶೇ 1 ದಾಟಬಾರದು. ಹೊರಬಂದ ಆವಿಯಲ್ಲಿ ತಣ್ಣನೆಯ ಫಲಕದ ಮೇಲೆ ಮತ್ತೆ ಕೂರುವ ಪಾಲು ವಸ್ತುವಿನ ಮೂಲ ತೂಕದ ಶೇ 0.1 ಮೀರಬಾರದು. ಮೂರನೇ ಒಂದು ಪಾಲು ದ್ರವವೇ ಇರುವ ಗೊಂಬೆಗೆ ಈ ಬಾಗಿಲು ತೆರೆಯುವ ಮಾತೇ ಇಲ್ಲ. ಮನೆಯಲ್ಲಿ ನಾವು ಮಾಡಬಹುದಾದ ಪರೀಕ್ಷೆ ಸರಳ. ಹಳೆಯ ಸಿಡಿ ಡಬ್ಬಿಯ ಪಾರದರ್ಶಕ ಮುಚ್ಚಳ ಪಾಲಿಸ್ಟೈರೀನ್. ಟೈರಿಗೆಂದು ಆರಿಸಿದ ಮೆತ್ತನೆಯ ವಸ್ತುವಿನ ತುಂಡೊಂದನ್ನು ಅದರ ಮೇಲಿಟ್ಟು, ಮೇಲೊಂದು ಭಾರ ಹೇರಿ, ಬಿಸಿಲು ಬೀಳುವ ಕಿಟಕಿಯ ಬಳಿ ಬೇಸಿಗೆಯ ಕೆಲವು ವಾರ ಬಿಡಿ. ಎತ್ತಿ ನೋಡಿದಾಗ ಮುಚ್ಚಳದಲ್ಲಿ ಮಂಕು ಅಥವಾ ಗುಳಿ ಕಂಡರೆ ಆ ವಸ್ತು ಬೇಡ. ಸಿಲಿಕೋನ್ ರಬ್ಬರು ಸಾಮಾನ್ಯವಾಗಿ ಇದರಲ್ಲಿ ತೇರ್ಗಡೆಯಾಗುತ್ತದೆ. ಗಗನಯಾತ್ರಿ ಮತ್ತು ಆಸನದ ನಡುವೆ ಪಾಲಿಯೆಸ್ಟರ್ ಹಾಳೆಯ ತುಂಡೊಂದನ್ನು ಇಟ್ಟರೂ ಬಹುಕಾಲ ರಕ್ಷಣೆ ಸಿಗುತ್ತದೆ.

ಇನ್ನು ಮೇಜರ್ ಮ್ಯಾಟ್ ಮೇಸನ್ನನ ಪ್ರಸಿದ್ಧ ಕಾಯಿಲೆ. ಮಕ್ಕಳು ಕೈಕಾಲು ಬಗ್ಗಿಸಿ ಬಗ್ಗಿಸಿ ಒಳಗಿನ ತಂತಿ ಮೊಣಕಾಲು, ಮೊಣಕೈಗಳಲ್ಲಿ ತುಂಡಾಗುತ್ತಿತ್ತು. ಅಲ್ಲಿಗೆ ಆ ಕಾಲು ಜೋಲಾಡುತ್ತದೆ, ಗಗನಯಾತ್ರಿ ಇನ್ನೆಂದೂ ನಿಲ್ಲುವುದಿಲ್ಲ. ಬೈಂಡಿಂಗ್ ವೈರನ್ನು ಅತ್ತಿತ್ತ ಬಗ್ಗಿಸಿ ಮುರಿಯುವ ಪ್ರತಿಯೊಬ್ಬ ಗಾರೆ ಕೆಲಸಗಾರನಿಗೂ ಈ ವಿದ್ಯಮಾನ ಗೊತ್ತು. ಲೋಹದ ದಣಿವು ಎನ್ನುತ್ತಾರೆ. ಇದನ್ನು ಒಂದು ಸಣ್ಣ ಲೆಕ್ಕದಿಂದ ಹಿಡಿಯಬಹುದು. ತಂತಿಯನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವ ಪ್ರಮಾಣ ಎಂದರೆ ತಂತಿಯ ಅರ್ಧ ದಪ್ಪವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದಷ್ಟು. 1.2 ಮಿಲಿಮೀಟರ್ ದಪ್ಪದ ಒಂಟಿ ತಂತಿಯನ್ನು 4 ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದರೆ 0.6 ಭಾಗಿಸು 4, ಅಂದರೆ ಶೇ 15. ಇಷ್ಟು ಹಿಗ್ಗನ್ನು ಯಾವ ಲೋಹವೂ ಹೆಚ್ಚು ಸಲ ತಾಳದು. ಅದೇ ಜಾಗದಲ್ಲಿ 0.2 ಮಿಲಿಮೀಟರಿನ ಹಲವು ಎಳೆಗಳ ಹುರಿ ಇಟ್ಟರೆ? ಪ್ರತಿ ಎಳೆಯ ಪಾಲಿಗೆ 0.1 ಭಾಗಿಸು 4, ಶೇ 2.5. ದಣಿವಿನ ನಿಯಮ ಎಷ್ಟು ಕಡಿದಾದದ್ದೆಂದರೆ, ಹಿಗ್ಗು ಆರರಲ್ಲಿ ಒಂದು ಪಾಲಾದರೆ ಆಯಸ್ಸು ಆರು ಪಟ್ಟಿಗಿಂತ ಎಷ್ಟೋ ಹೆಚ್ಚಾಗುತ್ತದೆ.

ಹಾಗಾದರೆ ಸೈಕಲ್ಲಿನ ಬ್ರೇಕ್ ವೈರ್ ತೂರಿಸಿದರೆ ಆಯಿತಲ್ಲ? ಆಗುವುದಿಲ್ಲ. ಅದರ ಎಳೆಗಳು ಗಡಸು ಉಕ್ಕು. ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಗೊಂಬೆಗೆ ಬೇಕಾದದ್ದು ಬಗ್ಗಿಸಿದ ಭಂಗಿಯಲ್ಲೇ ನಿಲ್ಲುವ ಗುಣ. ಅದು ಮೆದು ಲೋಹದ ಗುಣ. ಆದ್ದರಿಂದ ಮನೆಯ ವೈರಿಂಗಿನಲ್ಲಿ ಬಳಸುವ ಬಹು ಎಳೆಯ ತಾಮ್ರದ ತಂತಿ ಒಳ್ಳೆಯ ಆಯ್ಕೆ. ಆದರೆ ಇಲ್ಲೂ ಪ್ಲಾಸ್ಟಿಸೈಸರ್ ಅಡ್ಡ ಬರುತ್ತದೆ. ಬರಿಯ ತಾಮ್ರ ಮೆತ್ತನೆಯ ವಿನೈಲಿಗೆ ತಗಲಿದರೆ ವರ್ಷಗಳಲ್ಲಿ ಹಸಿರು ಕಲೆ ಬಿಡುತ್ತದೆ. ಹಳೆಯ ಬಾರ್ಬಿ ಗೊಂಬೆಗಳ ಕಿವಿ ಓಲೆಯ ಸುತ್ತ ಹಸಿರಾಗುವುದು ಇದೇ ಕಾರಣಕ್ಕೆ. ತವರ ಲೇಪಿಸಿದ ಎಳೆಗಳ ತಂತಿ ಸಿಕ್ಕರೆ ಅದನ್ನು ತೆಗೆದುಕೊಳ್ಳಿ, ಅದರ ಮೂಲ ಪಿವಿಸಿ ಹೊದಿಕೆಯನ್ನು ಸುಲಿದು ಹಾಕಿ, ಮೇಲೆ ಪಾಲಿಯೋಲೆಫಿನ್ನಿನ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ. ಸ್ಲೀವಿನಿಂದ ಇನ್ನೊಂದು ಲಾಭವೂ ಇದೆ. ಮೂಲ ತಂತಿ ತುಂಡಾಗುತ್ತಿದ್ದದ್ದು ತೊಡೆಯ ದಪ್ಪ ವಿನೈಲ್ ಮುಗಿದು ಮೊಣಕಾಲಿನ ಸುಕ್ಕುಗಳು ಶುರುವಾಗುವ ಗೆರೆಯಲ್ಲೇ. ಗಟ್ಟಿ ಭಾಗದಿಂದ ಮೆತ್ತನೆ ಭಾಗಕ್ಕೆ ಥಟ್ಟನೆ ದಾಟುವ ಕಡೆ ಬಾಗೆಲ್ಲ ಒಂದೇ ಬಿಂದುವಿನಲ್ಲಿ ಒಟ್ಟಾಗುತ್ತದೆ. ಸ್ಲೀವ್ ಆ ಗೆರೆಯನ್ನು ದಾಟಿ ಮುಂದೆ ಹೋದರೆ ಬಾಗು ಹರಡಿಕೊಳ್ಳುತ್ತದೆ. ಗೊಂಬೆಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಬೆನ್ನ ಹಿಂದೆ ಸಣ್ಣ ಸೀಳು ಕೊಟ್ಟು ಹೊಸ ತಂತಿ ಕೂರಿಸಬೇಕು. ಸೀಳು ಮುಚ್ಚಲು ಫೆವಿಕ್ವಿಕ್ ಸಲ್ಲ. ಅದು ಗಾಜಿನಷ್ಟು ಬಿರುಸಾಗಿ, ಮೈ ಬಗ್ಗಿದೊಡನೆ ಬಿಡುತ್ತದೆ. ಪಿವಿಸಿ ಪೈಪಿಗೆ ಹಾಕುವ ಸಲ್ಯೂಷನ್ ಒಂದೆರಡು ತೊಟ್ಟು, ಸೂಜಿಯ ತುದಿಯಲ್ಲಿ, ಸಾಕು. ಅದು ಎರಡೂ ಅಂಚುಗಳನ್ನು ಕೊಂಚ ಕರಗಿಸಿ ಒಂದಾಗಿಸುತ್ತದೆ.

ಮೋಟಾರು ತಿರುಗುತ್ತದೆ, ರೋಬೋ ನಡೆಯುವುದಿಲ್ಲ ಎಂದರೆ ಬಹುಪಾಲು ಅನುಮಾನ ಮೋಟಾರಿನ ಮೂತಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಗೇರಿನ ಮೇಲೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಹಲ್ಲುಗಳ ನಡುವೆ ಕೂದಲೆಳೆಯ ಬಿರುಕು. ಕಾರ್ಖಾನೆಯಲ್ಲಿ 2 ಮಿಲಿಮೀಟರ್ ಶಾಫ್ಟಿಗೆ 1.95 ಮಿಲಿಮೀಟರ್ ತೂತಿನ ಗೇರನ್ನು ಒತ್ತಿ ಕೂರಿಸಿದ್ದಾರೆ ಎಂದುಕೊಳ್ಳಿ. ತೂತಿನ ಅಂಚು ಅಂದಿನಿಂದ ಶೇ 2.5ರಷ್ಟು ಹಿಗ್ಗಿಕೊಂಡೇ ಇದೆ, ಆಟಿಕೆ ಪೆಟ್ಟಿಗೆಯಲ್ಲಿ ನಿದ್ರಿಸುತ್ತಿದ್ದಾಗಲೂ. ನೈಲಾನಾದರೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗಿ ಶಾಫ್ಟನ್ನು ಇನ್ನಷ್ಟು ಬಿಗಿಯುತ್ತದೆ. ಗೋಡೆ ಅತಿ ತೆಳುವಾಗಿರುವ ಹಲ್ಲಿನ ಬುಡದಲ್ಲಿ ಒಂದು ದಿನ ಬಿಟ್ಟುಕೊಡುತ್ತದೆ. ಬಿರುಕು ಬಿಟ್ಟ ಗೇರು ಶಾಫ್ಟಿನ ಮೇಲೆ ಜಾರುತ್ತದೆ, ಜಾರದಿದ್ದರೆ ಅಗಲವಾದ ಆ ಒಂದು ಸಂದಿನಲ್ಲಿ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ.

ಹೊಸ ಗೇರಿಗೆ ಬೇಕಾದದ್ದು ಎರಡೇ ಅಳತೆ. ಹಲ್ಲುಗಳನ್ನು ಎಣಿಸಿ, ವರ್ನಿಯರ್ ಕ್ಯಾಲಿಪರಿನಿಂದ ಹೊರವ್ಯಾಸ ಅಳೆಯಿರಿ. ಹಲ್ಲು 10, ಹೊರವ್ಯಾಸ 6 ಮಿಲಿಮೀಟರ್ ಎಂದಾದರೆ, 6ನ್ನು 10ಕ್ಕೆ 2 ಕೂಡಿಸಿದ 12ರಿಂದ ಭಾಗಿಸಿ. ಬಂದ 0.5 ಆ ಗೇರಿನ ಮಾಡ್ಯೂಲ್. ಒಂದೇ ಮಾಡ್ಯೂಲಿನ ಗೇರುಗಳು ಮಾತ್ರ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಳಬೇಕಾದದ್ದು ಈ ಸಂಖ್ಯೆಯನ್ನು. ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ವಿಮಾನದ ಭಾಗಗಳನ್ನು ಮೈಕ್ರಾನುಗಳಲ್ಲಿ ಅಳೆಯುತ್ತಾರೆ. ನಮ್ಮ ರೋಬೋಗೆ 0.02 ಮಿಲಿಮೀಟರ್ ತೋರಿಸುವ ಮಾಮೂಲಿ ಕ್ಯಾಲಿಪರ್ ಸಾಕು.

ಹಿತ್ತಾಳೆಯದೇ ಹಾಕೋಣ, ಇನ್ನೆಂದೂ ಒಡೆಯದಿರಲಿ ಎಂದು ಹಲವರಿಗೆ ಅನಿಸುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ರೋಬೋದ ಕಾಲು ಎಲ್ಲೋ ಸಿಕ್ಕಿಕೊಂಡಾಗ ಮೋಟಾರಿನ ಬಲವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ. ಪುಟ್ಟ ಗೇರು ಹಿತ್ತಾಳೆಯಾಗಿದ್ದರೆ ಒಳಗಿನ ಮೂಲ ಗೇರು, ಮತ್ತೆಲ್ಲೂ ಸಿಗದ್ದು, ಹಲ್ಲು ಕಳೆದುಕೊಳ್ಳುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳನ್ನು ನೋಡಿ ಈ ಪಾಠ ಕಲಿಯಬಹುದು. ಲಾಳಿ ಓಡುವ ಹಳೆಯ ಮಾದರಿಯ ಪವರ್‌ಲೂಮಿನಲ್ಲಿ ಲಾಳಿಯ ಲೋಹದ ಮೂತಿಗೆ ಪ್ರತಿ ಸಲ ಹೊಡೆತ ಕೊಡುವುದು ಪಿಕ್ಕರ್ ಎಂಬ ತುಂಡು. ಹಿಂದೆ ಅದನ್ನು ಹಸಿ ಚರ್ಮದಿಂದ ಮಾಡುತ್ತಿದ್ದರು, ಆಮೇಲೆ ಗಟ್ಟಿ ಪ್ಲಾಸ್ಟಿಕ್ ಬಂತು. ಲೋಹದ್ದು ಮಾಡಲಿಲ್ಲ. ಪಿಕ್ಕರ್ ಸವೆಯಲೆಂದೇ ಇರುವುದು. ಅದು ಸವೆದು ಲಾಳಿಯನ್ನು ಉಳಿಸುತ್ತದೆ, ಬದಲಿಸಲು ಹೆಚ್ಚು ಹೊತ್ತೂ ಬೇಡ. ರೋಬೋದ ಹೊಸ ಗೇರು ಕೂಡ ಹಾಗೆಯೇ ಇರಲಿ: ಡೆಲ್ರಿನ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಾಲ್ ಪ್ಲಾಸ್ಟಿಕ್, ನೈಲಾನಿನಷ್ಟು ನೀರು ಕುಡಿಯದು. ತೂತು ಅತಿ ಬಿಗಿ ಬೇಡ, ಶಾಫ್ಟಿನ ಮೇಲೆ ತುಸು ಒತ್ತಿದರೆ ಕೂರುವಷ್ಟಿರಲಿ. ಇಷ್ಟು ಸಣ್ಣ ಕೆಲಸಕ್ಕೂ ಮುಖ ತಿರುಗಿಸದ ಲೇತ್ ಕೆಲಸದವರು ಮಗ್ಗದ ಊರಿನಲ್ಲೂ ನೆಲಮಂಗಲದ ದಾರಿಯ ಪೀಣ್ಯದಲ್ಲೂ ಸಿಗುತ್ತಾರೆ. ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಯು.ಆರ್. ರಾವ್ ಅವರ ತಂಡ ಕಟ್ಟಿದ್ದು ಅದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಹಾರಿತು.

ಬ್ಯಾಟರಿ ಪೆಟ್ಟಿಗೆಯ ವಿಚಾರದಲ್ಲಿ ಅವಸರ ಬೇಡ. ಹಳೆಯ ಸಾಮಾನ್ಯ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಒಂದು ಧ್ರುವ. ಸೆಲ್ ಕೆಲಸ ಮಾಡಿದಷ್ಟೂ ಡಬ್ಬಿ ಕರಗುತ್ತ ಹೋಗುತ್ತದೆ, ಕೊನೆಗೆ ತೂತಾಗಿ ಆಮ್ಲೀಯ ಲವಣದ ದ್ರವ ಸೋರುತ್ತದೆ. ಈಚಿನ ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರತ್ಯಾಮ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಹರಳಾಗುತ್ತದೆ. ಮೊದಲನೆಯದನ್ನು ಅಡುಗೆ ಸೋಡಾ ನೀರಿನಿಂದ ಒರೆಸಬೇಕು, ಎರಡನೆಯದನ್ನು ನಿಂಬೆರಸ ಅಥವಾ ವಿನೆಗರಿನಿಂದ. ಅದಲು ಬದಲು ಮಾಡಿದರೆ ಪ್ರಯೋಜನವಿಲ್ಲ. ಆಮೇಲೆ ನೀರಿನಲ್ಲಿ ಅದ್ದಿದ ಹತ್ತಿ, ಆಮೇಲೆ ಚೆನ್ನಾಗಿ ಒಣಗಿಸುವುದು. ತಿಂದುಹೋದ ಸಂಪರ್ಕ ಪಟ್ಟಿಗೆ ಡಬ್ಬಿಯ ತಗಡು ಕತ್ತರಿಸಿ ಹಾಕುವುದು ರೂಢಿ, ಆದರೆ ಅದರ ಆಯಸ್ಸು ಕಡಿಮೆ. ಡಬ್ಬಿಯ ತಗಡು ಎಂದರೆ ಉಕ್ಕಿನ ಮೇಲೆ ಅತಿ ತೆಳುವಾದ ತವರದ ಲೇಪ. ಕತ್ತರಿಸಿದ ಅಂಚಿನಲ್ಲಿ ಉಕ್ಕು ಬೆತ್ತಲೆ. ಸತು ಲೇಪಿಸಿದ ಬಕೆಟ್ಟಿನಲ್ಲಿ ಗೀರು ಬಿದ್ದರೆ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ತವರ ಹಾಗಲ್ಲ, ಗೀರು ಬಿದ್ದ ಜಾಗದಲ್ಲಿ ತೇವ ಸೇರಿದರೆ ತಾನು ಉಳಿದು ಕಬ್ಬಿಣವನ್ನೇ ಬೇಗ ತುಕ್ಕಿಗೆ ಒಪ್ಪಿಸುತ್ತದೆ. ಹಳೆಯ ರಿಲೇ ಅಥವಾ ಸ್ವಿಚ್ಚಿನಿಂದ ತೆಗೆದ ಫಾಸ್ಫರ್ ಬ್ರಾಂಜ್ ಪಟ್ಟಿ ಸಿಕ್ಕರೆ ಅದು ಬಹಳ ಮೇಲು. ತುಕ್ಕು ಹಿಡಿಯದು, ಸ್ಪ್ರಿಂಗಿನಂತೆ ಸೆಲ್ಲನ್ನು ಒತ್ತಿ ಹಿಡಿಯುತ್ತದೆ.

ತಗಡಿನ ರೋಬೋದ ಬಣ್ಣವನ್ನು ಮಾತ್ರ ಒಣ ಮರಳು ಕಾಗದದಿಂದ ಉಜ್ಜಬೇಡಿ. ಆ ಕಾಲದ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿದ್ದದ್ದು ಸಾಮಾನ್ಯ. ಆ ಧೂಳು ಉಸಿರಿನಲ್ಲಿ, ಉಗುರಿನಲ್ಲಿ ಸೇರುತ್ತದೆ. ಮನೆಯಲ್ಲಿ ಮಗುವಿದ್ದರೆ ಇದು ಸಣ್ಣ ವಿಷಯವಲ್ಲ. ಅಂಥ ಆಟಿಕೆ ಪುಟ್ಟ ಮಗುವಿನ ಕೈಗೆ ಹೋಗಲೂಬಾರದು. ಮೂಲ ಬಣ್ಣ ಎಷ್ಟು ಉಳಿದಿದೆಯೋ ಅಷ್ಟನ್ನು ಹಾಗೇ ಬಿಡಿ.

ಹೆಲ್ಮೆಟ್ಟಿನ ಗುಮ್ಮಟ ನನಗೆ ಅತಿ ಇಷ್ಟದ ಕೆಲಸ, ಅದರಲ್ಲಿ ರೇಖಾಗಣಿತ ಕಣ್ಣೆದುರೇ ನಡೆಯುತ್ತದೆ. ಪಾರದರ್ಶಕ ಪೆಟ್‌ಜಿ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಬಿಸಿ ಮಾಡಿ, ಜೋತುಬೀಳುವ ಹದಕ್ಕೆ ಬಂದಾಗ ಮರದ ಅಚ್ಚಿನ ಮೇಲೆ ಎಳೆದು, ಕೆಳಗಿನಿಂದ ವ್ಯಾಕ್ಯೂಮ್ ಕ್ಲೀನರಿನಲ್ಲಿ ಗಾಳಿ ಹೀರಬೇಕು. ಅಚ್ಚು ನುಣುಪಾಗಿರಬೇಕು, ಚನ್ನಪಟ್ಟಣದ ಬೊಂಬೆ ಕೆಲಸದವರು ಬಳಸುವ ಹಾಲೆ ಮರ ಲೇತಿನಲ್ಲಿ ಅಷ್ಟು ನಯವಾಗಿ ಬರುತ್ತದೆ. ವೃತ್ತಾಕಾರದ ಹಾಳೆಯ ವಿಸ್ತೀರ್ಣ ಪೈ ಗುಣಿಸು ತ್ರಿಜ್ಯದ ವರ್ಗ. ಅದೇ ತ್ರಿಜ್ಯದ ಅರ್ಧಗೋಳದ ಮೇಲ್ಮೈ ಅದರ ಎರಡರಷ್ಟು. ಪ್ಲಾಸ್ಟಿಕ್ ಎಲ್ಲಿಂದಲೂ ಹೊಸದಾಗಿ ಬರುವುದಿಲ್ಲ, ಹಾಗಾಗಿ 1 ಮಿಲಿಮೀಟರ್ ಹಾಳೆ ಗುಮ್ಮಟವಾದಾಗ ಸರಾಸರಿ 0.5 ಮಿಲಿಮೀಟರ್. ಅದೂ ಎಲ್ಲೆಡೆ ಒಂದೇ ಸಮ ಅಲ್ಲ. ಅಚ್ಚಿನ ನೆತ್ತಿಗೆ ಮೊದಲು ತಗಲಿದ ಭಾಗ ತಣ್ಣಗಾಗಿ ದಪ್ಪಗೇ ಉಳಿಯುತ್ತದೆ, ಹಿಗ್ಗಿನ ಹೊರೆಯೆಲ್ಲ ಬದಿಗಳಿಗೆ. ಹೆಲ್ಮೆಟ್ಟು ಸೀಳುವುದು ಕುತ್ತಿಗೆಯ ಬಳಿಯಾದ್ದರಿಂದ ಹಾಳೆಯನ್ನು ಮೊದಲೇ ದಪ್ಪ ಆರಿಸಬೇಕು.

ಆ್ಯಂಟೆನಾ, ಮುಚ್ಚಳದಂಥ ಭಾಗಗಳನ್ನು ಸ್ನೇಹಿತರ ಆಟಿಕೆಯಿಂದ ಸಿಲಿಕೋನ್ ಅಚ್ಚು ತೆಗೆದು ರೆಸಿನ್ ಸುರಿದು ಮಾಡುವುದು ಈಗ ಮಾಮೂಲು. ಅಚ್ಚೂ ರೆಸಿನ್ನೂ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತವೆ. ಒಂದು ಸುತ್ತಿಗೆ ಶೇ 1 ಎಂದಿಟ್ಟುಕೊಂಡರೆ 100 ಮಿಲಿಮೀಟರ್ ಭಾಗದ ನಕಲು 99, ನಕಲಿನ ನಕಲು 98, ಅದರ ನಕಲು 97. ಆದ್ದರಿಂದ ನಕಲಿನಿಂದ ಅಚ್ಚು ತೆಗೆಯಬಾರದು. 3ಡಿ ಪ್ರಿಂಟರಿನಲ್ಲಿ ಮಾಡುವುದಾದರೆ ಬೇಕಾದಷ್ಟು ಹಿಗ್ಗಿಸಿಯೇ ಮುದ್ರಿಸಬಹುದು, ಆದರೆ ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಆ ಬಿಸಿ ಅಪರೂಪವಲ್ಲ. ಎಬಿಎಸ್ ಪ್ಲಾಸ್ಟಿಕ್ ಮೆತ್ತಗಾಗುವುದು ಸುಮಾರು 105 ಡಿಗ್ರಿಗೆ.

1980ರ ದಶಕದ ಕೊನೆಯಿಂದ ನಮ್ಮಲ್ಲಿ ಫನ್‌ಸ್ಕೂಲ್ ತಯಾರಿಸಿದ ಜಿ.ಐ. ಜೋ ಗೊಂಬೆಗಳು ಎಷ್ಟೋ ಮನೆಗಳಲ್ಲಿವೆ. ಅಮೆರಿಕದ ಮೂಲ ಸರಣಿಯಲ್ಲಿ ಗಗನಯಾತ್ರಿಯೂ ಬಾಹ್ಯಾಕಾಶ ನೌಕೆಯೂ ಇದ್ದವು. ಆ ಗೊಂಬೆಯ ಎದೆ, ಸೊಂಟ, ಕಾಲುಗಳನ್ನು ಒಳಗೆ ಹಿಡಿದಿಟ್ಟಿರುವುದು ಒಂದು ಕಪ್ಪು ರಬ್ಬರು ಉಂಗುರ, ಓ-ರಿಂಗ್. ಸದಾ ಎಳೆದು ಹಿಗ್ಗಿರುವ ರಬ್ಬರಿಗೆ ಗಾಳಿಯಲ್ಲಿರುವ ಅಲ್ಪ ಓಝೋನೇ ಶತ್ರು. ರಬ್ಬರಿನ ಸರಪಳಿಯಲ್ಲಿರುವ ಜೋಡಿ ಬಂಧಗಳನ್ನು ಅದು ಕತ್ತರಿಸುತ್ತದೆ, ಎಳೆತಕ್ಕೆ ಅಡ್ಡವಾಗಿ ಸಣ್ಣ ಸಣ್ಣ ಬಿರುಕುಗಳು ಬೀಳುತ್ತವೆ. ಹೊಸಕೋಟೆ, ವಿಜಯಪುರದ ಕಡೆ ಪಂಪು, ಟ್ರ್ಯಾಕ್ಟರ್ ರಿಪೇರಿಯ ಅಂಗಡಿಗಳಲ್ಲಿ ಎಲ್ಲ ಅಳತೆಯ ಓ-ರಿಂಗುಗಳು ಕೆಲವೇ ರೂಪಾಯಿಗೆ ಸಿಗುತ್ತವೆ. ಅವು ಹೆಚ್ಚಾಗಿ ನೈಟ್ರೈಲ್ ರಬ್ಬರು: ಎಣ್ಣೆಗೆ ಜಗ್ಗುವುದಿಲ್ಲ, ಓಝೋನಿಗೆ ಸೋಲುತ್ತದೆ. ಇಪಿಡಿಎಂ ರಬ್ಬರು ಇದಕ್ಕೆ ತದ್ವಿರುದ್ಧ. ಎಣ್ಣೆಯಿಲ್ಲದ ಗೊಂಬೆಯ ಹೊಟ್ಟೆಗೆ ಇಪಿಡಿಎಂ, ಗ್ರೀಸ್ ಮೆತ್ತಿದ ಗೇರು ಪೆಟ್ಟಿಗೆಯ ಬೆಲ್ಟಿಗೆ ನೈಟ್ರೈಲ್. ಯಾವ ರಬ್ಬರು ಎಲ್ಲಿ ಎಂಬ ಪ್ರಶ್ನೆ ಎಷ್ಟು ದೊಡ್ಡದೆಂದು 1986ರ ಜನವರಿ 28ರಂದು ಜಗತ್ತೇ ನೋಡಿತು. ಚಾಲೆಂಜರ್ ನೌಕೆಯ ರಾಕೆಟ್ ಕೀಲಿನ ಓ-ರಿಂಗ್ ಆ ಬೆಳಗಿನ ಚಳಿಗೆ ಸೆಡೆತು ಸಂದನ್ನು ಮುಚ್ಚದೆ ಏಳು ಜನ ಪ್ರಾಣ ಕಳೆದುಕೊಂಡರು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಹಿಚುಕಿ ಐಸ್ ನೀರಿನ ಲೋಟದಲ್ಲಿ ಅದ್ದಿ, ಬಿಡಿಸಿದರೂ ಅದು ಮೊದಲ ಆಕಾರಕ್ಕೆ ಮರಳಲು ತಡಮಾಡುವುದನ್ನು ವಿಚಾರಣಾ ಆಯೋಗದ ಎದುರೇ ತೋರಿಸಿದರು.

ಇಷ್ಟೆಲ್ಲ ಮಾಡುವ ಹಕ್ಕು ನಮಗಿದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ತೊಟ್ಟ ಉಡುಪು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಅಪೊಲೊ ಉಡುಪುಗಳ ಒಳಗಿನ ರಬ್ಬರು ಪದರ ಬಿರುಸಾಗಿದೆ, ಪಿವಿಸಿ ಕೊಳವೆಗಳಿಂದ ಪ್ಲಾಸ್ಟಿಸೈಸರ್ ಜಿನುಗಿದೆ, ಗೊಂಬೆಯ ಕಾಯಿಲೆಗಳೇ. ಆದರೆ ಅಲ್ಲಿನ ತಜ್ಞರು ಹೊಸ ರಬ್ಬರು ಹಾಕಲಿಲ್ಲ, ಚಂದ್ರನ ಧೂಳನ್ನೂ ತೊಳೆಯಲಿಲ್ಲ. ತಂಪು, ಒಣ ಗಾಳಿಯ ಪೆಟ್ಟಿಗೆ ಕಟ್ಟಿ ಕೊಳೆಯುವಿಕೆಯನ್ನು ನಿಧಾನಗೊಳಿಸಿ 2019ರ ಜುಲೈನಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಅದು ಸರಿ, ಆ ಉಡುಪು ಒಂದೇ ಒಂದು, ಅದನ್ನು ಮತ್ತೆ ಯಾರೂ ತೊಡಬೇಕಿಲ್ಲ. ಆಟಿಕೆಯ ಮಾತು ಬೇರೆ. ಅದು ನಡೆಯಲಿ ಎಂದು ಮಾಡಿದ್ದು, ನಡೆದರೇ ಅದು ಪೂರ್ಣ. ನಡೆಸಿ ನೋಡುವ ಮಗುವಿಗೆ ಗೇರು, ಸ್ಪ್ರಿಂಗು, ಸರ್ಕ್ಯೂಟು ತಾನಾಗಿ ಅರ್ಥವಾಗುತ್ತವೆ.

ಒಡೆದ ಮೂಲ ಭಾಗವನ್ನು ಮಾತ್ರ ಎಸೆಯಬೇಡಿ. ಜಿಪ್ ಇರುವ ಪಾಲಿಥೀನ್ ಚೀಲದಲ್ಲಿಟ್ಟು ಹೆಸರು ಬರೆಯಿರಿ, ಪಿವಿಸಿ ಚೀಲ ಬೇಡ. ಹೊಸ ಭಾಗದ ಒಳಮೈಯಲ್ಲಿ, ಹೊರಗೆ ಕಾಣದ ಕಡೆ, ವರ್ಷವನ್ನೂ ವಸ್ತುವಿನ ಹೆಸರನ್ನೂ ಸೂಜಿಯಿಂದ ಕೆತ್ತಿ. ಇದರಿಂದ ಮುಂದೆ ಯಾರಿಗೂ ನಕಲನ್ನು ಮೂಲವೆಂದು ಮಾರಲಾಗದು. ಇನ್ನೂ ಮುಖ್ಯವಾದದ್ದು, ಇಪ್ಪತ್ತು ವರ್ಷದ ಬಳಿಕ ಅದನ್ನು ಬಿಚ್ಚುವವರಿಗೆ ಯಾವ ಅಂಟು ಹಿಡಿಯುತ್ತದೆ, ಯಾವ ದ್ರಾವಣ ಕರಗಿಸುತ್ತದೆ, ಎಷ್ಟು ಬಿಸಿ ತಾಳುತ್ತದೆ ಎಂದು ಮುಟ್ಟುವ ಮೊದಲೇ ತಿಳಿದಿರುತ್ತದೆ. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ, ಅಸಿಟಾಲ್ ಕರಗುವುದಿಲ್ಲ. ವಸ್ತುವಿನ ಹೆಸರು ಕೆತ್ತಿದ್ದರೆ ಅವರು ತಪ್ಪು ಬಾಟಲಿಗೆ ಕೈ ಹಾಕುವುದಿಲ್ಲ.